ಬೆರಳು ಇನ್ನೂ ಪುಟಗಳ ನಡುವೆ ಇರುವಾಗ: ಓದುತ್ತಿರುವ ಫ್ಯಾಂಟಸಿ ಕಾದಂಬರಿಯ ಬಗ್ಗೆ ಮಾತನಾಡುವ ಬಗೆ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ, ಒಂದು ದೊಡ್ಡ ಫ್ಯಾಂಟಸಿ ಸರಣಿಯ ಮೂರನೆಯ ಸಂಪುಟ. ನಾನು ಅದನ್ನು ಎಂದೋ ಓದಿ ಮುಗಿಸಿದ್ದೆ. ಕಾಫಿ ಲೋಟ ಕೈಗಿಡುತ್ತ "ಮದುವೆ ಆಯಿತೇ?" ಎಂದು ಕೇಳಿದೆ. ಎರಡೇ ಪದ. ಅವನು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ. "ಚಿಕ್ಕಮ್ಮ, ಅವರೆಲ್ಲ ಈಗಷ್ಟೇ ಮದುವೆಗೆ ಹೊರಟಿದ್ದಾರೆ. ನೀವು ಕೇಳಿದ ರೀತಿ ನೋಡಿದರೆ ಅಲ್ಲಿ ಯಾರೋ ಸಾಯುತ್ತಾರೆ, ಅಲ್ಲವೇ?" ನಾನು ಇಲ್ಲ ಎನ್ನುವಷ್ಟರಲ್ಲಿ ಮುಖ ಹೌದು ಎಂದುಬಿಟ್ಟಿತ್ತು. ಪುಸ್ತಕ ಮುಚ್ಚಿಟ್ಟವನು ಹತ್ತು ದಿನ ಅದನ್ನು ಮುಟ್ಟಲಿಲ್ಲ.

ಆ ಹತ್ತು ದಿನಗಳ ಪಶ್ಚಾತ್ತಾಪದ ಫಲ ಈ ಬರಹ. ಓದಿ ಮುಗಿಸಿದ ಪುಸ್ತಕದ ವಿಮರ್ಶೆ ಬರೆಯುವುದನ್ನು ಕಲಿಸುವವರು ಬಹಳ ಮಂದಿ ಇದ್ದಾರೆ. ಓದುತ್ತಿರುವಾಗಲೇ ಮಾತನಾಡುವುದನ್ನು ಯಾರೂ ಕಲಿಸುವುದಿಲ್ಲ. ಅದು ಅರೆಬೆಂದ ವಿಮರ್ಶೆ ಎಂಬ ತಾತ್ಸಾರವೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಮುಗಿಸಿದವರು ಕಳೆದುಕೊಂಡ ಒಂದು ಆಸ್ತಿ ನಡುದಾರಿಯಲ್ಲಿರುವವರ ಬಳಿ ಇರುತ್ತದೆ: ಮುಂದೇನು ಎಂದು ಗೊತ್ತಿಲ್ಲದಿರುವುದು. ಕಡೆಯ ಪುಟ ಮುಗಿದ ಕೂಡಲೇ ಅದು ಹೋಗುತ್ತದೆ. ಎರಡನೆಯ ಓದಿನಲ್ಲಿ ಏನೆಲ್ಲ ಸಿಕ್ಕರೂ ಅದೊಂದು ಸಿಕ್ಕುವುದಿಲ್ಲ. ಇರುವಾಗಲೇ ಅದನ್ನು ಹಿಡಿದಿಡುವುದು, ಹಿಡಿದದ್ದನ್ನು ಇನ್ನೊಬ್ಬರ ಓದು ಕೆಡದಂತೆ ಹೇಳುವುದು, ಇವೆರಡೇ ಇಲ್ಲಿನ ಕೆಲಸ.

ಬೇರೆ ಬಗೆಯ ಕಾದಂಬರಿಗಳಿಗಿಂತ ಫ್ಯಾಂಟಸಿಗೆ ಈ ಕೌಶಲ ಹೆಚ್ಚು ಬೇಕು. ಕಾರಣ ಸರಳ, ಅವು ಮುಗಿಯುವುದೇ ಇಲ್ಲ. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಒಂದೇ ಕಾದಂಬರಿಯಾದರೂ ಮೂರು ಸಂಪುಟಗಳಾಗಿ ಬಂತು. ಎರಡನೆಯದು ಬಂದದ್ದು 1954ರ ನವೆಂಬರಿನಲ್ಲಿ, ಮೂರನೆಯದು 1955ರ ಅಕ್ಟೋಬರಿನಲ್ಲಿ. ಎರಡನೆಯ ಸಂಪುಟ ಎಂಥ ಜಾಗದಲ್ಲಿ ನಿಲ್ಲುತ್ತದೆ ಎಂದು ಓದಿದವರಿಗೆ ಗೊತ್ತು. ಅಂದಿನ ಓದುಗರು ಆ ಜಾಗದಲ್ಲಿ ಹನ್ನೊಂದು ತಿಂಗಳು ಕಾದರು. ರಾಬರ್ಟ್ ಜೋರ್ಡನ್ ಅವರ 'ವೀಲ್ ಆಫ್ ಟೈಮ್' 1990ರಲ್ಲಿ ಶುರುವಾಗಿ 2013ರಲ್ಲಿ ಹದಿನಾಲ್ಕನೆಯ ಸಂಪುಟದೊಂದಿಗೆ ಮುಗಿಯಿತು. ಅಷ್ಟರಲ್ಲಿ ಲೇಖಕರೇ 2007ರಲ್ಲಿ ತೀರಿಕೊಂಡಿದ್ದರು. ಕೊನೆಯ ಮೂರು ಸಂಪುಟಗಳನ್ನು ಬ್ರಾಂಡನ್ ಸ್ಯಾಂಡರ್ಸನ್ ಪೂರ್ಣಗೊಳಿಸಿದರು. ಇಂಥ ಸರಣಿಯನ್ನು ಮುಗಿಸಿದ ಮೇಲೆಯೇ ಬಾಯಿ ತೆರೆಯುತ್ತೇನೆ ಎಂದು ಕುಳಿತವರ ತಲೆ ನರೆತಿರುತ್ತದೆ.

ನಮಗಂತೂ ಇದು ಹೊಸದಲ್ಲ. 'ಸುಧಾ', 'ತರಂಗ'ಗಳಲ್ಲಿ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದಾಗ ನಮ್ಮ ಅಮ್ಮ ಮತ್ತು ಪಕ್ಕದ ಮನೆಯವರು ಕಾಂಪೌಂಡ್ ಗೋಡೆಯ ಆಚೀಚೆ ನಿಂತು ಮಾಡುತ್ತಿದ್ದದ್ದು ಇದೇ. "ಮುಂದಿನ ವಾರ ಅವಳು ತವರಿಗೆ ಹೊರಡುತ್ತಾಳೆ, ನೋಡುತ್ತಿರಿ" ಎಂದು ಅಮ್ಮ ಪಂಥ ಕಟ್ಟುತ್ತಿದ್ದರು. ಒಮ್ಮೆಯೂ ಅವರ ಊಹೆ ನಿಜವಾದ ನೆನಪು ನನಗಿಲ್ಲ. ಆ ಮಾತುಕತೆಯ ರುಚಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ.

ಉದಾಹರಣೆಗೆ ಒಂದೇ ಪುಸ್ತಕವನ್ನು ಇಟ್ಟುಕೊಳ್ಳುತ್ತೇನೆ: ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝಾರ್ಡ್ ಆಫ್ ಅರ್ಥ್‌ಸೀ'. 1968ರಲ್ಲಿ ಬಂದದ್ದು, ಹತ್ತೇ ಅಧ್ಯಾಯ, ಜೇಬಿಗೆ ಹಗುರ, ಕೈಗೂ ಹಗುರ. ದ್ವೀಪಗಳಿಂದಲೇ ಆದ ಒಂದು ಲೋಕ, ಅಲ್ಲೊಬ್ಬ ಹುಡುಗ, ಅವನಿಗೆ ಮಂತ್ರಶಕ್ತಿ. ಮೂರನೆಯ ಅಧ್ಯಾಯದಿಂದ ಆಚೆಗಿನ ಒಂದು ಮಾತನ್ನೂ ನಾನು ಇಲ್ಲಿ ಆಡುವುದಿಲ್ಲ. ಓದದವರು ಧೈರ್ಯವಾಗಿ ಮುಂದುವರಿಯಬಹುದು.

ಮೊದಲ ಹೆಜ್ಜೆ: ನೀವು ನಿಂತಿರುವ ಜಾಗ ಹೇಳಿ

ಅಭಿಪ್ರಾಯದ ಮೊದಲ ವಾಕ್ಯವೇ ಅದಾಗಿರಲಿ. ಪುಟದ ಸಂಖ್ಯೆ ಹೇಳಬೇಡಿ. ನಿಮ್ಮ ಪ್ರತಿಯ 212ನೆಯ ಪುಟ ಇನ್ನೊಬ್ಬರ ಪ್ರತಿಯಲ್ಲಿ 180 ಆಗಿರಬಹುದು. ಮೊಬೈಲಿನಲ್ಲಿ ಓದುವವರಿಗೆ ಪುಟವೇ ಇಲ್ಲ, ಶೇಕಡಾ ಲೆಕ್ಕ. ಕೇಳುಪುಸ್ತಕದವರಿಗೆ ಗಂಟೆ, ನಿಮಿಷ. ಎಲ್ಲರಿಗೂ ಸಮಾನವಾಗಿರುವುದು ಅಧ್ಯಾಯ.

ಅದರಲ್ಲೂ ಕೆಲವು ಗುಂಡಿಗಳಿವೆ. ಟೋಲ್ಕಿನ್ ಅವರ ಕಾದಂಬರಿಯ ಪ್ರತಿ ಸಂಪುಟದ ಒಳಗೆ ಎರಡೆರಡು 'ಪುಸ್ತಕ'ಗಳಿವೆ, ಒಟ್ಟು ಆರು. ಪ್ರತಿಯೊಂದರಲ್ಲೂ ಅಧ್ಯಾಯಗಳು ಮತ್ತೆ ಒಂದರಿಂದ ಶುರುವಾಗುತ್ತವೆ. "ಎರಡನೆಯ ಪುಸ್ತಕದ ಎರಡನೆಯ ಅಧ್ಯಾಯದಲ್ಲಿದ್ದೇನೆ" ಎಂದರೆ ಮೊದಲ ಸಂಪುಟದ ದ್ವಿತೀಯಾರ್ಧವೋ ಎರಡನೆಯ ಸಂಪುಟವೋ ತಿಳಿಯದು. ಅಲ್ಲಿ ಅಧ್ಯಾಯದ ಹೆಸರನ್ನೇ ಹೇಳುವುದು ಒಳ್ಳೆಯದು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಗೇಮ್ ಆಫ್ ಥ್ರೋನ್ಸ್'ನಲ್ಲಿ (1996) ಇನ್ನೊಂದು ಬಗೆಯ ಫಜೀತಿ: ಅಧ್ಯಾಯಗಳ ತಲೆಯ ಮೇಲೆ ಇರುವುದು ಪಾತ್ರದ ಹೆಸರು ಮಾತ್ರ. "ಆರ್ಯಾಳ ಮೂರನೆಯ ಅಧ್ಯಾಯ ಮುಗಿಯಿತು" ಎಂದು ಎಣಿಸಿಯೇ ಹೇಳಬೇಕು. ಬೇಸರದ ಕೆಲಸ, ಆದರೆ ಮನೆಯಲ್ಲಿ ಜಗಳ ತಪ್ಪುತ್ತದೆ.

ಯಾವ ಕ್ರಮದಲ್ಲಿ ಓದುತ್ತಿದ್ದೀರಿ, ಇದು ಮೊದಲ ಓದೋ ಎರಡನೆಯದೋ, ಸಿನಿಮಾ ಅಥವಾ ಧಾರಾವಾಹಿಯನ್ನು ಮೊದಲೇ ನೋಡಿದ್ದೀರೋ, ಇವನ್ನೂ ಒಂದು ಸಾಲಿನಲ್ಲಿ ಸೇರಿಸಿ. ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಕಥೆಗಳನ್ನು ಪ್ರಕಟವಾದ ಕ್ರಮದಲ್ಲಿ ಓದಿದವರ ಬೆರಗು ಒಂದು, ಕಥೆಯ ಕಾಲಕ್ರಮದಲ್ಲಿ ಓದಿದವರ ಬೆರಗು ಇನ್ನೊಂದು. ತೆರೆಯ ಮೇಲೆ ನೋಡಿ ಬಂದವರು "ನನಗೆ ಮೊದಲೇ ಅನುಮಾನವಿತ್ತು" ಎಂದು ಜಂಬ ಕೊಚ್ಚಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಅದು ಅನುಮಾನವಲ್ಲ, ನೆನಪು.

ಎರಡನೆಯ ಹೆಜ್ಜೆ: ಒಂದು ಚೀಟಿ ಇಟ್ಟುಕೊಳ್ಳಿ

ಉದ್ದನೆಯ ಕಥೆಯನ್ನು ನೆನಪಿನ ಬಲದ ಮೇಲೆ ಚರ್ಚಿಸಲಾಗದು. ನಾನು ಒಂದು ಬಿಳಿಯ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದ ಗುರುತುಪಟ್ಟಿಯಾಗಿ ಇಟ್ಟುಕೊಳ್ಳುತ್ತೇನೆ. ಒಂದು ಮಡಿಕೆಯಲ್ಲಿ ಹೆಸರುಗಳು: ಯಾರು, ಯಾರ ಮಗ, ಯಾವ ಊರು. ಇನ್ನೊಂದರಲ್ಲಿ ಆ ಲೋಕದ ನಿಯಮಗಳು. ಮೂರನೆಯದರಲ್ಲಿ ನನ್ನ ಊಹೆಗಳು, ಅಧ್ಯಾಯದ ಸಂಖ್ಯೆಯ ಸಮೇತ. ನಾಲ್ಕನೆಯದು ಆಕಳಿಕೆಯ ಪಟ್ಟಿ, ಎಂದರೆ ಎಲ್ಲಿ ಬೇಸರವಾಯಿತು, ಎಲ್ಲಿ ಎರಡು ಪುಟ ಹಾರಿಸಿದೆ. ಈ ನಾಲ್ಕನೆಯ ಮಡಿಕೆಯೇ ಎಲ್ಲಕ್ಕಿಂತ ಬೆಲೆಬಾಳುವುದು. ಕಥೆ ಚೆನ್ನಾಗಿ ಮುಗಿದರೆ ನಡುವಿನ ಬೇಸರವನ್ನು ನಾವು ಮರೆತುಬಿಡುತ್ತೇವೆ, ಹೆರಿಗೆ ನೋವಿನ ಹಾಗೆ. ಆಮೇಲೆ ಇನ್ನೊಬ್ಬರಿಗೆ "ಒಂದೇ ಉಸಿರಿಗೆ ಓದಿದೆ" ಎಂದು ಹೇಳಿ, ಅವರು ನೂರನೆಯ ಪುಟದಲ್ಲಿ ಹೂತುಹೋದಾಗ ಆಶ್ಚರ್ಯಪಡುತ್ತೇವೆ.

ಚೀಟಿ ಏನನ್ನು ಉಳಿಸುತ್ತದೆ ಎಂಬುದಕ್ಕೆ ಒಂದು ನಿದರ್ಶನ. ಅರ್ಥ್‌ಸೀ ಓದಲು ಶುರುಮಾಡಿದಾಗ ನಾಯಕ ಗೆಡ್‌ನನ್ನು ನಾನು ಬಿಳಿಯ ಹುಡುಗನೆಂದೇ ಕಲ್ಪಿಸಿಕೊಂಡಿದ್ದೆ. ಯಾರೂ ಹಾಗೆ ಹೇಳಿರಲಿಲ್ಲ. ಇಂಗ್ಲಿಷಿನ ಮಾಂತ್ರಿಕ ಎಂದರೆ ಬಿಳಿಯನೇ ಎಂಬ ಅಭ್ಯಾಸ ಅಷ್ಟೇ. ಮೊದಲ ಅಧ್ಯಾಯದಲ್ಲಿ ದ್ವೀಪಕ್ಕೆ ದಾಳಿಯಿಡುವವರನ್ನು ಬಿಳಿಯ ಚರ್ಮದ, ಹಳದಿ ಕೂದಲಿನ ಜನರೆಂದು ಲೇಖಕಿ ಬೇರೆಯಾಗಿ ಗುರುತಿಸಿದ್ದರೂ ನನಗೆ ಹೊಳೆಯಲಿಲ್ಲ. ಮೂರನೆಯ ಅಧ್ಯಾಯದಲ್ಲಿ ಗೆಳೆಯ ವೆಚ್‌ನನ್ನು ಪರಿಚಯಿಸುವಾಗ, ಅವನದು ಕಪ್ಪುಗಂದು ಮೈಬಣ್ಣ, ಗೆಡ್ ಮತ್ತು ಆ ದ್ವೀಪಗಳ ಬಹುಪಾಲು ಜನರದು ಕೆಂಪುಗಂದು ಎಂಬ ಮಾತು ಸುಮ್ಮನೆ ಹಾದುಹೋಗುತ್ತದೆ. ನಾನು ಪುಸ್ತಕ ಕೆಳಗಿಟ್ಟೆ. ಎರಡು ಅಧ್ಯಾಯಗಳ ಚಿತ್ರವನ್ನೆಲ್ಲ ಮನಸ್ಸಿನಲ್ಲಿ ಮತ್ತೆ ಬಣ್ಣ ಹಚ್ಚಿ ಬರೆಯಬೇಕಾಯಿತು. ಚೀಟಿಯಲ್ಲಿ "ಅ. 3: ನನ್ನ ಕಣ್ಣಿನ ಬಣ್ಣ ಬಯಲಾಯಿತು" ಎಂದಿದೆ. ಮುಗಿಸಿದ ಮೇಲೆ ಬರೆಯುವ ವಿಮರ್ಶೆಯಲ್ಲಿ "ನಾಯಕ ಕಂದು ಬಣ್ಣದವನು" ಎಂಬ ಮಾಹಿತಿ ಉಳಿಯುತ್ತದೆ. ಆ ತಡವರಿಕೆ ಉಳಿಯುವುದಿಲ್ಲ. ಲೇಖಕಿ ಬೇಕೆಂದೇ ತಡವಾಗಿ, ಮೆಲ್ಲಗೆ ಹೇಳಿದ ಸಂಗತಿ ಅದು. ತಡವರಿಸಿದವರೇ ಅದನ್ನು ಸರಿಯಾಗಿ ಓದಿದವರು.

ಮೂರನೆಯ ಹೆಜ್ಜೆ: ನಡೆದದ್ದು, ಅನ್ನಿಸಿದ್ದು, ಊಹಿಸಿದ್ದು

ಈ ಮೂರನ್ನು ಒಂದೇ ಪಾತ್ರೆಯಲ್ಲಿ ಕಲಸಬೇಡಿ. ಗೆಡ್‌ನ ಮೊದಲ ಗುರುವಿನ ಬಗ್ಗೆ "ಓಗಿಯನ್ ಕೆಲಸಕ್ಕೆ ಬಾರದ ಗುರು" ಎಂಬ ವಾಕ್ಯವನ್ನೇ ನೋಡಿ. ನಡೆದದ್ದು ಇಷ್ಟು: ಮಳೆಯನ್ನು ಬೇರೆಡೆಗೆ ತಿರುಗಿಸುವ ಶಕ್ತಿಯಿದ್ದರೂ ಗುರು ಹಾಗೆ ಮಾಡದೆ ಮರದ ಕೆಳಗೆ ಮಲಗುತ್ತಾನೆ, ಶಿಷ್ಯ ನೆನೆಯುತ್ತಾನೆ. ಅನ್ನಿಸಿದ್ದು: ಹುಡುಗನ ಸಿಟ್ಟು ನನಗೂ ಬಂತು. ಊಹೆ: ಈ ಮೌನದ ಬೆಲೆ ಹುಡುಗನಿಗೆ ಮುಂದೆ ಗೊತ್ತಾಗಬಹುದು. ಮೂರನ್ನೂ ಬಿಡಿಸಿಟ್ಟಾಗ ಕೇಳುವವರಿಗೆ ತಮ್ಮ ಮಾತು ಸೇರಿಸಲು ಜಾಗ ಸಿಗುತ್ತದೆ. ಕಲಸಿದಾಗ ಸಿಗುವುದು ತೀರ್ಪು. ತೀರ್ಪಿಗೆ ಮೇಲ್ಮನವಿ ಮಾತ್ರ ಸಾಧ್ಯ.

ಇನ್ನೊಂದು ಎಚ್ಚರ. ನಡುದಾರಿಯಲ್ಲಿರುವವರು "ಇನ್ನೂ ಹೇಳಿಲ್ಲ" ಎಂಬುದನ್ನು "ಹೇಳಲೇ ಇಲ್ಲ" ಎಂದು ದೂರುವುದುಂಟು. ಆ ಕತ್ತಿ ಎಲ್ಲಿಂದ ಬಂತು, ರಾಣಿಗೇಕೆ ಅಷ್ಟು ದ್ವೇಷ ಎಂದೆಲ್ಲ ಮೂರನೆಯ ಅಧ್ಯಾಯದಲ್ಲೇ ಲೆಕ್ಕ ಕೇಳಬಾರದು. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದಿಡಿ, ದೂರಾಗಿ ಹೇಳಬೇಡಿ. ವಾಕ್ಯ ಸೊರಗಿದ್ದರೆ, ಸಂಭಾಷಣೆ ಪೇಲವವಾಗಿದ್ದರೆ, ಎಲ್ಲ ಪಾತ್ರಗಳೂ ಒಂದೇ ದನಿಯಲ್ಲಿ ಮಾತನಾಡುತ್ತಿದ್ದರೆ ಅದನ್ನು ಈಗಲೇ ಹೇಳಬಹುದು. ಮುಂದಿನ ಯಾವ ಅಧ್ಯಾಯವೂ ಹಿಂದಿನ ಕೆಟ್ಟ ವಾಕ್ಯವನ್ನು ತಿದ್ದುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮಾಯೆಯ ಕಾನೂನನ್ನು ಹುಡುಕಿ

ಫ್ಯಾಂಟಸಿಯ ಬಗ್ಗೆ ಮಾತನಾಡುವವರು ಅತಿ ಹೆಚ್ಚು ಎಡವುವುದು ಇಲ್ಲಿ. "ಇದೆಲ್ಲ ಸಾಧ್ಯವೇ?" ಎಂಬುದು ಕೇಳಬೇಕಾದ ಪ್ರಶ್ನೆಯಲ್ಲ. ಆ ಲೋಕದಲ್ಲಿ ಇದು ಸಲ್ಲುತ್ತದೆಯೇ ಎಂಬುದು ಪ್ರಶ್ನೆ. ಟೋಲ್ಕಿನ್ 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸದ ಬರಹರೂಪದಲ್ಲಿ ಹಸಿರು ಸೂರ್ಯನ ಮಾತು ಬರುತ್ತದೆ: ಹಸಿರು ಸೂರ್ಯ ಎಂದು ಯಾರು ಬೇಕಾದರೂ ಹೇಳಬಹುದು, ಆದರೆ ಹಸಿರು ಸೂರ್ಯನೇ ಸಹಜವಾಗಿ ಕಾಣುವಂಥ ಲೋಕವನ್ನು ಕಟ್ಟುವುದು ಶ್ರಮದ ಕೆಲಸ. ನಮ್ಮವರು ಇದಕ್ಕೆ ಬಹಳ ಹಿಂದೆಯೇ ಒಂದು ಪದ ಇಟ್ಟಿದ್ದಾರೆ, ಔಚಿತ್ಯ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಅದರ ಮೇಲೆ ಒಂದು ಗ್ರಂಥವನ್ನೇ ಬರೆದ. ಘಟಸರ್ಪ ಹಾರುವುದು ಅನುಚಿತವಲ್ಲ. ನಾಲ್ಕು ಅಧ್ಯಾಯ ಹಾರಲಾಗದೆ ನರಳಿದ ಘಟಸರ್ಪ ನಾಯಕನಿಗೆ ಕಷ್ಟ ಬಂದ ಕೂಡಲೇ ಹಾರಿದರೆ ಅನುಚಿತ.

ಬ್ರಾಂಡನ್ ಸ್ಯಾಂಡರ್ಸನ್ 2007ರ ಒಂದು ಪ್ರಬಂಧದಲ್ಲಿ ಇದನ್ನು ಸೂತ್ರದ ರೂಪಕ್ಕೆ ತಂದರು. ಮಾಯೆಯನ್ನು ಓದುಗರು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದಾರೋ ಅಷ್ಟರ ಮಟ್ಟಿಗೆ ಮಾತ್ರ ಲೇಖಕರು ಮಾಯೆಯಿಂದ ಕಥೆಯ ತೊಡಕನ್ನು ಬಿಡಿಸಬಹುದು ಎಂಬುದು ಅದರ ಸಾರ. ಓದಿದಾಗ ನನಗೆ ನೆನಪಾದದ್ದು ಹಿರಣ್ಯಕಶಿಪು. ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ, ಮನುಷ್ಯನಿಂದಲೂ ಅಲ್ಲ ಮೃಗದಿಂದಲೂ ಅಲ್ಲ ಎಂಬ ವರ. ಕಾನೂನನ್ನು ಮೊದಲೇ ಎಲ್ಲರ ಎದುರು ಹರವಿಟ್ಟು, ಕೊನೆಗೆ ಹೊಸ್ತಿಲ ಮೇಲೆ, ಮುಸ್ಸಂಜೆಯಲ್ಲಿ, ತೊಡೆಯ ಮೇಲೆ, ಉಗುರಿನಿಂದ ಅದರ ಸಂದಿಯಲ್ಲೇ ತೂರಿಬರುವ ಕಥೆ. ಬಾಲ್ಯದಲ್ಲಿ ಇದನ್ನು ಕೇಳಿ ಬೆಳೆದವರಿಗೆ ಮಾಯೆಗೂ ನಿಯಮ ಬೇಕೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ.

ಹಾಗಾದರೆ ನಡುದಾರಿಯಲ್ಲಿ ಮಾಡಬೇಕಾದದ್ದು: ಇಲ್ಲಿಯವರೆಗೆ ಮಾಯೆಯ ಬಗ್ಗೆ ಏನೇನು ಹೇಳಲಾಗಿದೆ, ಅದಕ್ಕೆ ಯಾರು ಏನು ಬೆಲೆ ತೆರುತ್ತಿದ್ದಾರೆ ಎಂದು ಬರೆಯಿರಿ. ಅರ್ಥ್‌ಸೀಯ ಮೂರನೆಯ ಅಧ್ಯಾಯದ ಹೊತ್ತಿಗೆ ನನ್ನ ಚೀಟಿಯಲ್ಲಿ ಎರಡು ನಿಯಮಗಳಿದ್ದವು. ಒಂದು, ಒಂದು ವಸ್ತುವಿನ ನಿಜನಾಮ ಗೊತ್ತಿದ್ದವರಿಗೆ ಅದರ ಮೇಲೆ ಹಿಡಿತ. ಕಲ್ಲಿನ ನಿಜನಾಮ 'ಟೋಲ್ಕ್'. ಎರಡು, ಯಾವುದನ್ನೇ ಬದಲಾಯಿಸಿದರೂ ಲೋಕದ ಸಮತೋಲಕ್ಕೆ ಪೆಟ್ಟು. ದೀಪ ಹಚ್ಚಿದರೆ ನೆರಳು ಬೀಳಲೇಬೇಕು. ಇವೆರಡನ್ನೂ ಎದುರಿಟ್ಟುಕೊಂಡು ಮುಂದೆ ಓದಿದರೆ ಲೇಖಕಿ ತನ್ನದೇ ಕಾನೂನಿಗೆ ಬದ್ಧಳಾಗಿದ್ದಾಳೆಯೇ ಎಂದು ನೀವೇ ತೂಗಬಹುದು.

ಎಲ್ಲ ಕಾದಂಬರಿಗಳಿಗೂ ಈ ತಕ್ಕಡಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೆಲವು ಲೇಖಕರು ಮಾಯೆಯನ್ನು ಕಾಡಿನ ಕತ್ತಲಿನಂತೆ ಅಸ್ಪಷ್ಟವಾಗಿಯೇ ಇಡುತ್ತಾರೆ. ಅಲ್ಲಿ ಕೇಳಬೇಕಾದದ್ದು ನಿಯಮವನ್ನಲ್ಲ, ಭಯವಾಯಿತೇ ಎಂಬುದನ್ನು.

ಐದನೆಯ ಹೆಜ್ಜೆ: ಕನ್ನಡದ ಮಾತು ಹುಡುಕಿ

ನಮ್ಮಲ್ಲಿ ಬಹಳ ಮಂದಿ ಫ್ಯಾಂಟಸಿಯನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹರಟುತ್ತೇವೆ. ಅಭಿಪ್ರಾಯ ಹಂಚಿಕೊಳ್ಳುವಾಗ ಮುಕ್ಕಾಲು ಪದಗಳು ಹಾಗೆಯೇ ಇಂಗ್ಲಿಷಿನಲ್ಲಿ ಉಳಿದುಬಿಡುತ್ತವೆ. ನಾನು ಶುದ್ಧತೆಯ ಪೊಲೀಸಳಲ್ಲ. ಆದರೆ ಕನ್ನಡಕ್ಕೆ ತಿರುಗಿಸಲು ಹೊರಟಾಗ ಕಥೆಯ ಬಗ್ಗೆಯೇ ಹೊಸದೇನೋ ಹೊಳೆಯುತ್ತದೆ ಎಂಬುದು ನನ್ನ ಅನುಭವ.

ಅರ್ಥ್‌ಸೀಯಲ್ಲಿ ಕಲ್ಲನ್ನು ವಜ್ರದಂತೆ ಕಾಣಿಸುವುದು ಒಂದು ವಿದ್ಯೆ, ಕಲ್ಲನ್ನು ವಜ್ರವಾಗಿಯೇ ಮಾಡುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದು ಅಪಾಯ. ಇಡೀ ಮೂರನೆಯ ಅಧ್ಯಾಯ ಈ ವ್ಯತ್ಯಾಸದ ಮೇಲೆ ನಿಂತಿದೆ. ಎರಡಕ್ಕೂ 'ಮ್ಯಾಜಿಕ್' ಎಂದರೆ ಎಲ್ಲ ಕಲಸಿಹೋಗುತ್ತದೆ. ಮೊದಲನೆಯದಕ್ಕೆ 'ಕಣ್ಕಟ್ಟು', ಎರಡನೆಯದಕ್ಕೆ 'ರೂಪಾಂತರ' ಎಂದು ನೋಡಿ. ಅಧ್ಯಾಯದ ಅರ್ಧ ವಿವರಣೆ ಮುಗಿದೇಹೋಯಿತು. ನಾಯಕನನ್ನು 'ಮಾಟಗಾರ' ಎಂದರೆ ನಿಂಬೆಹಣ್ಣು, ಕುಂಕುಮ ಕಣ್ಣೆದುರು ಬರುತ್ತವೆ. 'ಜಾದೂಗಾರ' ಎಂದರೆ ಟೋಪಿಯಿಂದ ಮೊಲ. 'ಮಾಂತ್ರಿಕ' ವಾಸಿ, ಏಕೆಂದರೆ ಅವನ ಶಕ್ತಿಯೆಲ್ಲ ಇರುವುದು ಪದದಲ್ಲಿ, ಉಚ್ಚಾರದಲ್ಲಿ.

ನಿಜನಾಮದ ಸಂಗತಿಯಂತೂ ನಮ್ಮ ಮನೆಯದೇ. ಹುಡುಗನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದದ್ದು ಡ್ಯೂನಿ ಎಂದು. ಊರವರು ಬಳಸುವ ಹೆಸರು ಸ್ಪ್ಯಾರೋಹಾಕ್. ಹದಿಮೂರನೆಯ ವಯಸ್ಸಿನಲ್ಲಿ ಗುರು ಕಿವಿಯಲ್ಲಿ ಉಸುರಿದ ನಿಜವಾದ ಹೆಸರು ಗೆಡ್, ಅದನ್ನು ನಂಬಿದವರಿಗೆ ಮಾತ್ರ ಹೇಳಬೇಕು. ಕರೆಯುವ ಹೆಸರು ಒಂದು, ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೇಳುವ ಹೆಸರು ಇನ್ನೊಂದು ಎಂಬುದನ್ನು ಬಲ್ಲ ನಮಗೆ ಇಲ್ಲಿ ಬೆರಗಿಗಿಂತ ಪರಿಚಯವೇ ಹೆಚ್ಚು. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಅಜ್ಜಿಯೊಬ್ಬರು ನನಗಿದ್ದರು, ಅವರಿಗೆ ಈ ಕಥೆಯ ಸಾರ ಹೇಳಿದ್ದರೆ "ಇದರಲ್ಲಿ ವಿಶೇಷವೇನು?" ಎನ್ನುತ್ತಿದ್ದರು.

ತೊಡಕೂ ಇದೆ. ಗೆಡ್‌ಗೆ ಮೊದಲ ಮಂತ್ರ, ಮೇಕೆಗಳನ್ನು ಕರೆಯುವ ಮಂತ್ರ, ಸಿಕ್ಕಿದ್ದು ತೀರಿಹೋದ ತಾಯಿಯ ಸಹೋದರಿಯಿಂದ. ಇಂಗ್ಲಿಷಿಗೆ 'ಆಂಟ್' ಸಾಕು. ಕನ್ನಡದಲ್ಲಿ ದೊಡ್ಡಮ್ಮನೋ ಚಿಕ್ಕಮ್ಮನೋ? ತಾಯಿಯ ಅಕ್ಕ ಎಂದೂ ತಂಗಿ ಎಂದೂ ಲೇಖಕಿ ಹೇಳಿಲ್ಲ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಅರ್ಧ ಗಂಟೆ ವಾದವಾಯಿತು. ಮಗುವನ್ನು ಅಷ್ಟು ಅಸಡ್ಡೆಯಿಂದ ನೋಡಿಕೊಂಡವಳು ದೊಡ್ಡಮ್ಮನೇ ಇರಬೇಕು ಎಂದು ಅಕ್ಕನ ಮಗ. ಅವನ ತಾಯಿ ನನಗೆ ಅಕ್ಕ ಎಂಬುದನ್ನು ಅವನು ಆಗ ಮರೆತಿದ್ದ.

ಆರನೆಯ ಹೆಜ್ಜೆ: ಇನ್ನೊಬ್ಬರ ಕುತೂಹಲವನ್ನು ಕಾಯಿರಿ

ಯಕ್ಷಗಾನದ ಕರ್ಣಾರ್ಜುನ ಕಾಳಗಕ್ಕೆ ಹೋಗಿ ಕುಳಿತವರಿಗೆ ಕರ್ಣ ಸಾಯುತ್ತಾನೆಂದು ಗೊತ್ತಿರುತ್ತದೆ. ಅದು ಗೊತ್ತಿದ್ದೇ ನಿದ್ದೆಗೆಡುತ್ತಾರೆ. ಅವರಿಗೆ ಬೇಕಾದದ್ದು ಇಂದಿನ ವೇಷಧಾರಿ ಅದನ್ನು ಹೇಗೆ ಸಾಧಿಸುತ್ತಾನೆ ಎಂಬುದು. ಇದನ್ನು ಆಧಾರವಾಗಿಟ್ಟುಕೊಂಡು ಸ್ಪಾಯ್ಲರ್, ಎಂದರೆ ಮುಂದಿನ ಗುಟ್ಟನ್ನು ಮೊದಲೇ ಹೇಳಿ ಓದು ಕೆಡಿಸುವುದು, ಎಂಬ ದೂರೇ ಪರದೇಶದ ಚಾಳಿ ಎಂದು ವಾದಿಸುವವರಿದ್ದಾರೆ. ಅರ್ಥ್‌ಸೀ ಕೂಡ ಅವರ ಪರ ನಿಲ್ಲುತ್ತದೆ: ಈ ಹುಡುಗ ಮುಂದೆ ಮಹಾಮಾಂತ್ರಿಕನಾದ ಎಂದು ಮೊದಲ ಪುಟದಲ್ಲೇ ಲೇಖಕಿ ಹೇಳಿಬಿಡುತ್ತಾಳೆ.

ಆದರೆ ಹೇಳಿದವಳು ಲೇಖಕಿ, ನೀವಲ್ಲ. ಯಾವ ಗುಟ್ಟನ್ನು ಎಲ್ಲಿ ಬಿಡಬೇಕೆಂದು ಕಥೆ ಕಟ್ಟಿದವರು ಲೆಕ್ಕ ಹಾಕಿರುತ್ತಾರೆ; ಆ ಲೆಕ್ಕವನ್ನು ಕೆಡಿಸುವ ಹಕ್ಕು ಕಾಫಿ ತಂದುಕೊಟ್ಟ ಚಿಕ್ಕಮ್ಮನಿಗಿಲ್ಲ. ಆದ್ದರಿಂದ ಮಾತು ಶುರುಮಾಡುವ ಮೊದಲು "ಎಲ್ಲಿಯವರೆಗೆ ಬಂದೆ?" ಎಂದು ಮಾತ್ರ ಕೇಳಿ, ಉತ್ತರ ಪೂರ್ತಿ ಕೇಳಿಸಿಕೊಳ್ಳಿ. ಗುಂಪಿನಲ್ಲಿದ್ದರೆ ಎಲ್ಲರಿಗಿಂತ ಹಿಂದಿರುವವರ ಅಧ್ಯಾಯವೇ ಮಾತಿನ ಗಡಿ. ಬರೆದು ಕಳುಹಿಸುವಾಗ ಗಡಿಯನ್ನು ತಲೆಬರಹದಲ್ಲೇ ಹಾಕಿ, ಗುಟ್ಟಿನ ಭಾಗವನ್ನು ಬೇರೆ ಸಂದೇಶವಾಗಿ ಕಳುಹಿಸಿ; ಮೊಬೈಲಿನ ಪರದೆಯ ಮೇಲೆ ಸಂದೇಶದ ಮೊದಲ ಸಾಲು ತಾನಾಗಿಯೇ ಹೊಳೆಯುತ್ತದೆ ಎಂಬುದನ್ನು ಮರೆಯಬೇಡಿ.

ಘಟನೆಯನ್ನು ಹೇಳದೆಯೂ ಕೆಡಿಸುವ ಬಗೆಗಳಿವೆ. "ಇದರಲ್ಲೊಂದು ತಿರುವು ಇದೆ" ಎಂದರೆ ಸಾಕು, ಓದುವವರು ಕಥೆ ಬಿಟ್ಟು ತಿರುವನ್ನೇ ಕಾಯುತ್ತಾರೆ. "ಆ ಪಾತ್ರದ ಮೇಲೆ ಅಷ್ಟು ಪ್ರೀತಿ ಇಟ್ಟುಕೊಳ್ಳಬೇಡ" ಎಂಬುದು ಮರಣಪತ್ರ. ಅವರ ಊಹೆಗೆ ನೀವು ನಕ್ಕರೂ ಉತ್ತರ, ಸುಮ್ಮನಾದರೂ ಉತ್ತರ. ನಾನು ಕಂಡುಕೊಂಡ ಉಪಾಯವೆಂದರೆ, ಸರಿಯಾದ ಊಹೆಗೂ ತಪ್ಪು ಊಹೆಗೂ ಒಂದೇ ಪ್ರಶ್ನೆ ಕೇಳುವುದು: "ಹಾಗೇಕೆ ಅನ್ನಿಸಿತು?" ಅವರು ಓದಿದ ಭಾಗದಿಂದಲೇ ಕಾರಣ ಕೊಡುತ್ತಾರೆ, ಮಾತು ಅಲ್ಲೇ ಸುತ್ತುತ್ತದೆ, ನಿಮ್ಮ ಮುಖಕ್ಕೂ ಸ್ವಲ್ಪ ಪುರಸೊತ್ತು ಸಿಗುತ್ತದೆ.

ಏಳನೆಯ ಹೆಜ್ಜೆ: ಈಗ ಬರೆಯಿರಿ

ಸಾಮಾನ್ಯವಾಗಿ ಕಾಣುವ ಅಭಿಪ್ರಾಯ ಹೀಗಿರುತ್ತದೆ: "ಅರ್ಥ್‌ಸೀ ಓದುತ್ತಿದ್ದೇನೆ. ಅದ್ಭುತವಾದ ಲೋಕ, ಸೊಗಸಾದ ಭಾಷೆ, ಸ್ವಲ್ಪ ನಿಧಾನ. ಐದಕ್ಕೆ ನಾಲ್ಕು." ಇದನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಅರ್ಧ ಓದಿದ ಪುಸ್ತಕಕ್ಕೆ ಅಂಕ ಕೊಡುವುದು ಅರ್ಧ ಬೆಂದ ಅನ್ನಕ್ಕೆ ಉಪ್ಪು ಸಾಲದು ಎಂದಂತೆ. ಅದೇ ಓದುಗರು ಚೀಟಿಯನ್ನು ನೋಡಿಕೊಂಡು ಬರೆದರೆ ಹೀಗಾಗಬಹುದು:

"ಮೂರನೆಯ ಅಧ್ಯಾಯ ಮುಗಿಯಿತು, ಇದು ನನ್ನ ಮೊದಲ ಓದು. ಮುಂದಿನದನ್ನು ದಯವಿಟ್ಟು ಹೇಳಬೇಡಿ. ಗೆಡ್ ನನಗೆ ಇಷ್ಟವಾಗುತ್ತಿಲ್ಲ, ಅವನನ್ನು ಬಿಟ್ಟಿರಲೂ ಆಗುತ್ತಿಲ್ಲ. ಅವಸರದ ಹುಡುಗ. ಗುರು ಮಳೆಯಲ್ಲಿ ಮರದ ಕೆಳಗೆ ಮಲಗಿದಾಗ ಅವನು ಪೊದೆಯಲ್ಲಿ ಮುದುಡಿ ಒಳಗೊಳಗೇ ಉರಿಯುತ್ತಾನೆ. ಅಲ್ಲಿ ನಾನೂ ಅವನ ಪಕ್ಷ, ಹಾಗಾಗಿಯೇ ಸ್ವಲ್ಪ ನಾಚಿಕೆ. ರೋಕ್ ದ್ವೀಪದ ಮಾಂತ್ರಿಕರ ಶಾಲೆಯಲ್ಲಿ ಕಣ್ಕಟ್ಟಿನಿಂದ ಅವನಿಗೆ ತೃಪ್ತಿಯಿಲ್ಲ, ರೂಪಾಂತರವೇ ಬೇಕು. ಶಾಲೆಯ ದಿನಚರಿಯ ವಿವರ ನನಗೆ ಸಾಲಲಿಲ್ಲ. ಇನ್ನಷ್ಟು ಹೊತ್ತು ಅಲ್ಲಿರಬೇಕೆನ್ನಿಸುವಷ್ಟರಲ್ಲಿ ವರ್ಷಗಳು ಎರಡು ವಾಕ್ಯದಲ್ಲಿ ಕಳೆದುಹೋಗುತ್ತವೆ. ಊಹೆ: ಎರಡನೆಯ ಅಧ್ಯಾಯದಲ್ಲಿ ಬಾಗಿಲ ಬಳಿ ಕಂಡ ನೆರಳಿಗೂ ದೀಪ ಹಚ್ಚಿದರೆ ನೆರಳು ಬೀಳುತ್ತದೆ ಎಂಬ ಶಾಲೆಯ ಗುರುಗಳ ಮಾತಿಗೂ ನಂಟಿದೆ. ತಪ್ಪಾಗಿದ್ದರೆ ಆಮೇಲೆ ನಗಿರಿ."

ಇಲ್ಲಿ ಕಥೆಯ ಸಾರಾಂಶವಿಲ್ಲ ಎಂಬುದನ್ನು ಗಮನಿಸಿ. ಓದದವರಿಗೂ ಆಸೆ ಹುಟ್ಟುತ್ತದೆ, ಓದಿದವರಿಗೆ ತಾವು ಆ ಜಾಗದಲ್ಲಿ ಏನು ಅಂದುಕೊಂಡಿದ್ದೆವು ಎಂಬ ನೆನಪು ಬರುತ್ತದೆ. ದೂರು ಒಂದೇ ಇದೆ, ಅದು ಯಾವ ಜಾಗದ ದೂರು ಎಂದು ಗೊತ್ತಾಗುತ್ತದೆ. ಉದ್ದ ಇದಕ್ಕಿಂತ ಹೆಚ್ಚು ಬೇಡ. ನಾಲ್ಕೈದು ಅಧ್ಯಾಯಕ್ಕೊಮ್ಮೆ ಇಷ್ಟು ಬರೆದರೆ ಬೇಕಾದಷ್ಟಾಯಿತು. ಪ್ರತಿ ಅಧ್ಯಾಯಕ್ಕೂ ಬರೆಯಲು ಹೊರಟವರು ಕಡೆಗೆ ಬರೆಯುವುದಕ್ಕಾಗಿಯೇ ಓದುತ್ತಾರೆ.

ಎಂಟನೆಯ ಹೆಜ್ಜೆ: ಬಿಟ್ಟರೆ ಬಿಟ್ಟೆ ಎನ್ನಿ

ಪುಸ್ತಕ ಹಿಡಿಸದಿದ್ದರೆ ನಿಲ್ಲಿಸಬಹುದು. "ಮೊದಲ ಇನ್ನೂರು ಪುಟ ಸಹಿಸಿಕೊಂಡರೆ ಆಮೇಲೆ ಚೆನ್ನಾಗಿದೆ" ಎಂಬುದು ಫ್ಯಾಂಟಸಿ ಓದುಗರ ಅತಿ ಹಳೆಯ ಭರವಸೆ. ಕೆಲವೊಮ್ಮೆ ನಿಜವೂ ಹೌದು. ಆದರೆ ಇನ್ನೂರು ಪುಟವೆಂದರೆ ಒಂದು ಇಡೀ ಕಾದಂಬರಿ. ಎಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಹೇಳಿ. ಉಳಿದ ಭಾಗದ ಮೇಲೆ ಷರಾ ಬರೆಯಬೇಡಿ. ಎದುರಿನವರಿಗೆ ಅದು ಪ್ರಾಣದಂಥ ಪುಸ್ತಕವಾಗಿದ್ದರೆ ಅವರ ಮೆಚ್ಚಿನ ಒಂದು ಪುಟವನ್ನು ಓದಿ ಹೇಳಲು ಕೇಳಿ. ನಾನು ಬಿಟ್ಟಿದ್ದ ಒಂದು ಪುಸ್ತಕಕ್ಕೆ ಹಾಗೆಯೇ ಮರಳಿದ್ದೇನೆ. ಇನ್ನೆರಡಕ್ಕೆ ಮರಳಿಲ್ಲ, ಮರಳುವುದೂ ಇಲ್ಲ.

ಕೊನೆಯ ಹೆಜ್ಜೆ: ಹಳೆಯದನ್ನು ಅಳಿಸಬೇಡಿ

ಮುಗಿಸಿದ ಮೇಲೆ ನಡುದಾರಿಯ ಟಿಪ್ಪಣಿಗಳನ್ನು ತೆಗೆದು ನೋಡಿ. ನಾಚಿಕೆಯಾಗುತ್ತದೆ. ಯಾರನ್ನು ಖಳನೆಂದು ಶಪಿಸಿದ್ದಿರೋ ಅವನೇ ಸಾಧುವಾಗಿರುತ್ತಾನೆ. ತಿದ್ದುವ ಆಸೆಯನ್ನು ತಡೆದುಕೊಂಡು, ಕೆಳಗೆ ಬೇರೆ ಶಾಯಿಯಲ್ಲಿ ದಿನಾಂಕ ಹಾಕಿ ಹೊಸ ಸಾಲು ಸೇರಿಸಿ. ಮಡಿಸಿದ ಚೀಟಿಯನ್ನು ನಾನು ಪುಸ್ತಕದ ಒಳಗೇ ಬಿಡುತ್ತೇನೆ. ಅದನ್ನು ಮುಂದೆ ಎರವಲು ಒಯ್ಯುವವರಿಗೆ ಕೊಡುವ ಮುನ್ನ ತೆಗೆದಿಡುವುದನ್ನು ಮಾತ್ರ ಮರೆಯಬಾರದು; ಊಹೆಗಳ ಪಕ್ಕದಲ್ಲಿ ಸರಿ, ತಪ್ಪು ಗುರುತುಗಳಿರುತ್ತವೆ.

ಅಕ್ಕನ ಮಗನಿಗೆ ಅರ್ಥ್‌ಸೀ ಕೊಟ್ಟು ಮೂರು ವಾರವಾಯಿತು. ಚೀಟಿ ತೆಗೆದೇ ಕೊಟ್ಟಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅವನ ಸಂದೇಶ: "ನಾಲ್ಕನೆಯ ಅಧ್ಯಾಯ ಮುಗಿಯಿತು ಚಿಕ್ಕಮ್ಮ. ಏನೂ ಹೇಳಬೇಡಿ." ನಾನು "ಸರಿ" ಎಂದು ಬರೆದೆ. ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೆ. ಕಳುಹಿಸುವ ಮೊದಲು ಅದನ್ನು ಅಳಿಸಿದೆ.